ಉತ್ತರದ ಕೋಣೆಯ ಅಗ್ಗಿಷ್ಟಿಕೆಗೆ ಬೆಂಕಿ ಹಚ್ಚಬೇಡಿ

ಯುದ್ಧಭೂಮಿ ಸ್ಮಾರಕ ಉದ್ಯಾನದ ಅಧೀಕ್ಷಕರಾದ ಮಾನ್ಯರೇ,

ಬರುವ ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ, ಕಾಳಗದ ವಾರ್ಷಿಕೋತ್ಸವದ ದಿನ, ತಾವು ಗಾರ್ಬರ್ ಮನೆಯ ಉತ್ತರದ ಕೋಣೆಯ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಉರಿಸಲಿದ್ದೀರಿ. ಅದರ ಮುಂದೆ ನೆಲದ ಮೇಲೆ ನಮ್ಮ ಊರಿನ ಶಾಲೆಯ ಮಕ್ಕಳನ್ನು ಕೂರಿಸಲಿದ್ದೀರಿ. ಆ ಅಗ್ಗಿಷ್ಟಿಕೆಯ ಹೊಗೆಗೂಡಿನ ಗೋಡೆಯೊಳಗೆ ಉತ್ತರ ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ಕಾಲದ, ಇನ್ನೂ ಸಿಡಿಯದಿರುವ ಫಿರಂಗಿಯ ಸಿಡಿಗುಂಡೊಂದು ಹುದುಗಿದೆಯೆಂದು ನಾನು ನಂಬಿದ್ದೇನೆ. ಹಚ್ಚಬೇಡಿ. ಈ ಪತ್ರದಲ್ಲಿ ಹೇಳಬೇಕಾದ ಮಾತು ಇಷ್ಟೇ. ಉಳಿದದ್ದೆಲ್ಲವೂ, ಈ ಒಂದು ಮಾತು ವಸಂತಕಾಲದಿಂದ ಇಂದಿನವರೆಗೆ ತಮ್ಮ ಕಚೇರಿಯ ಕಿವಿಯನ್ನು ತಲುಪದೆ ಹೋದುದರಿಂದ ಬರೆಯಬೇಕಾಗಿ ಬಂದದ್ದು.

ನಾನು ಹೆದರಿದ್ದೇನೆ. ಜೀವಮಾನವೆಲ್ಲ ಸಭೆಯ ಮುಂದೆ ನಿಂತು ಹೆದರಬೇಡಿರೆಂದು ಬೋಧಿಸಿದವನು ಪತ್ರಿಕೆಯಲ್ಲಿ ಹೀಗೆ ಬಹಿರಂಗವಾಗಿ ಬರೆದುಕೊಳ್ಳುವುದು ನಗೆಪಾಟಲೆಂದು ಬಲ್ಲೆ. ಆದರೆ ಈಚೆಗೆ ಸ್ವಂತ ಮನೆಯ ಒಲೆಯಲ್ಲಿ ಸೌದೆ ಚಿಟಿಲೆಂದರೂ ಎದ್ದು ಬಾಗಿಲ ಕಡೆಗೆ ಹೋಗುತ್ತೇನೆ. ಪ್ರಾರ್ಥನೆಗೆ ಮಂಡಿಯೂರಿದರೆ ಕರ್ತನ ಮುಖಕ್ಕೆ ಬದಲು ಆ ಹೊಗೆಗೂಡು ಕಣ್ಣೆದುರು ನಿಲ್ಲುತ್ತದೆ. ಇದು ಮುಪ್ಪಿನ ಭ್ರಮೆಯಾಗಿರಲೆಂದು ಹಾರೈಸದ ದಿನವಿಲ್ಲ. ಭ್ರಮೆಯೆಂದು ಸಾಬೀತುಪಡಿಸುವ ಉಪಾಯ ತಮ್ಮ ಕೈಯಲ್ಲಿದೆ, ಅದು ಕೆಲವು ಇಟ್ಟಿಗೆಗಳಷ್ಟು ಆಳದಲ್ಲಿದೆ. ತಾವು ಆ ಉಪಾಯವನ್ನು ಬಿಟ್ಟು ಬೆಂಕಿಕಡ್ಡಿಯನ್ನು ಆರಿಸಿಕೊಂಡಿದ್ದೀರಿ.

ನನ್ನ ಮೊದಲ ಮನವಿಗೆ ತಮ್ಮ ಕಚೇರಿಯಿಂದ ಬಂದ ಉತ್ತರ ನನಗೆ ಬಾಯಿಪಾಠವಾಗಿದೆ. ‘ಸ್ಥಳೀಯ ಐತಿಹ್ಯಗಳನ್ನು ನಾವು ಗೌರವಿಸುತ್ತೇವೆ, ಅವುಗಳನ್ನು ನಮ್ಮ ಕಾರ್ಯಕ್ರಮಗಳಲ್ಲಿ ಅಳವಡಿಸಿಕೊಳ್ಳಲು ಹರ್ಷಿಸುತ್ತೇವೆ.’ ಎಂತಹ ಔದಾರ್ಯ! ಬೆಂಕಿ ಬೇಡವೆಂದು ಬೇಡಿಕೊಂಡವನ ಬೇಡಿಕೆಯನ್ನೇ ಬೆಂಕಿಯ ಜಾಹೀರಾತಾಗಿ ಮಾಡಿಕೊಂಡಿರಿ. ಈಗ ಅಂಚೆ ಕಚೇರಿಯ ಗೋಡೆಯಿಂದ ಹಾಲಿನ ಡೈರಿಯ ಬಾಗಿಲಿನವರೆಗೆ ತಮ್ಮ ಭಿತ್ತಿಪತ್ರ ಅಂಟಿದೆ: ‘ಅಂತರ್ಯುದ್ಧದ ಬಳಿಕ ಎಂದೂ ಉರಿಯದ ಅಗ್ಗಿಷ್ಟಿಕೆ ಮೊದಲ ಬಾರಿಗೆ ಉರಿಯುವುದನ್ನು ಕಣ್ಣಾರೆ ನೋಡಿರಿ!’ ಇಷ್ಟು ತಲೆಮಾರುಗಳು ಯಾಕೆ ಅದನ್ನು ಉರಿಸಲಿಲ್ಲವೆಂದು ಆ ಸಾಲನ್ನು ಬರೆದ ಪುಣ್ಯಾತ್ಮರು ಒಂದು ಗಳಿಗೆಯಾದರೂ ಯೋಚಿಸಿದರೇ?

ಮಾನ್ಯರೇ, ತಾವು ಆ ಕಟ್ಟಡಕ್ಕೆ ಬೇರೆ ಊರಿನಿಂದ ವರ್ಗವಾಗಿ ಬಂದವರು. ನಾನು ಅದರ ರಕ್ತದವನು. ಶೆನಾಂಡೋವಾ ಕಣಿವೆಯ ನಮ್ಮ ಸಹೋದರ ಸಭೆಯ ಕ್ರೈಸ್ತರು ಆರಾಧನಾ ಮಂದಿರ ಕಟ್ಟಿಕೊಳ್ಳುವ ಮೊದಲು ಮನೆಗಳಲ್ಲಿಯೇ ಕೂಡುತ್ತಿದ್ದರು. ಅದಕ್ಕೆಂದೇ ಗಾರ್ಬರ್ ಮನೆಯ ಒಳಗೋಡೆಗಳನ್ನು ಹಲಗೆಯಿಂದ ಮಾಡಿ, ತೊಲೆಗೆ ತಿರುಗಣಿ ಬಿಗಿದು, ಬೇಕೆಂದಾಗ ಮೇಲಕ್ಕೆತ್ತಿ ಮಾಡಿಗೆ ಸಿಕ್ಕಿಸುವಂತೆ ಕಟ್ಟಿದ್ದಾರೆ. ಗೋಡೆ ಎದ್ದರೆ ಇಡೀ ಮನೆ ಒಂದೇ ಕೋಣೆ. ಆ ಕೋಣೆಯಲ್ಲಿ ನಮ್ಮವರು ಪ್ರೀತಿಭೋಜನಕ್ಕೆ ಕುಳಿತರು, ಒಬ್ಬರ ಪಾದವನ್ನೊಬ್ಬರು ತೊಳೆದರು, ಒಂದೇ ಬೋಗುಣಿಯ ಸಾರಿಗೆ ರೊಟ್ಟಿ ಅದ್ದಿ ತಿಂದರು. ಆಯುಧ ಹಿಡಿಯುವುದಿಲ್ಲ, ಆಣೆ ಇಡುವುದಿಲ್ಲ ಎಂಬವು ನಮ್ಮ ಎರಡು ಹಳೆಯ ಹಟಗಳು. ಯುದ್ಧ ಬಂದಾಗ ಉತ್ತರದವರ ಕಣ್ಣಿಗೆ ನಾವು ದಕ್ಷಿಣದವರಾದೆವು, ದಕ್ಷಿಣದವರ ಕಣ್ಣಿಗೆ ದ್ರೋಹಿಗಳಾದೆವು. ನಮ್ಮ ಹಂದಿಗಳನ್ನು ತಿನ್ನುವ ವಿಷಯದಲ್ಲಿ ಮಾತ್ರ ಎರಡೂ ಪಡೆಗಳಲ್ಲಿ ಒಮ್ಮತವಿತ್ತು.

ಕಾಳಗದ ದಿನ ಪಡುವಣ ದಿಬ್ಬದ ಮೇಲೆ ಫಿರಂಗಿಗಳಿದ್ದವು. ನನ್ನ ಮುತ್ತಜ್ಜನ ತಂದೆ ಸೈಮನ್ ಗಾರ್ಬರ್ ಹೆಂಡತಿ ಮಕ್ಕಳೊಡನೆ ನೆಲಮಾಳಿಗೆಯಲ್ಲಿ ಕುಳಿತಿದ್ದ. ಸಂಜೆ ಮೇಲೆ ಬಂದು ನೋಡಿದರೆ ಹಲಗೆಯ ಗೋಡೆಗಳನ್ನು ಯಾರೋ ಎತ್ತಿ ಸಿಕ್ಕಿಸಿದ್ದರು. ಪ್ರೀತಿಭೋಜನಕ್ಕೆ ಕೂರುವ ಜಾಗದಲ್ಲಿ ಎರಡು ಪಡೆಗಳ ಗಾಯಾಳುಗಳು ಸಾಲಾಗಿ ಮಲಗಿದ್ದರು. ಇಷ್ಟನ್ನು ತಮ್ಮ ಫಲಕವೂ ಹೇಳುತ್ತದೆ, ಚೆನ್ನಾಗಿಯೇ ಹೇಳುತ್ತದೆ. ಆ ದಿನದಿಂದ ನಮ್ಮ ಕುಟುಂಬ ಉತ್ತರದ ಕೋಣೆಯ ಅಗ್ಗಿಷ್ಟಿಕೆಗೆ ಬೆಂಕಿ ಹಾಕಲಿಲ್ಲ. ಪ್ರೀತಿಭೋಜನದ ಹಿಂದಿನ ದಿನ ಮನೆಯ ಹೆಂಗಸರು ಅದರ ಮುಂದಿನ ಕಲ್ಲನ್ನು ನೀರೆರೆದು ತೊಳೆಯುತ್ತಿದ್ದರು. ಚಳಿಗಾಲದಲ್ಲಿ ಆ ಕೋಣೆಯಲ್ಲಿ ಬಾಯಿಂದ ಬರುವ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಯಾಕೆ ಹಚ್ಚುವುದಿಲ್ಲವೆಂದು ನಾವು ಮಕ್ಕಳು ಕೇಳಿದರೆ ಅಜ್ಜಿಯ ಉತ್ತರ ಒಂದೇ: “ಬೇಡ ಅಂದ್ರೆ ಬೇಡ. ಶಾಲು ಹೊದ್ಕೊ.”

ಕಾರಣ ಕೇಳದೆ ಪಾಲಿಸುವುದು ನಮ್ಮ ಜನರ ಗುಣ. ಅದೇ ನಮ್ಮ ಜನರ ದೋಷ. ನಿಯಮ ಉಳಿಯಿತು, ಕಾರಣ ಕಳೆದುಹೋಯಿತು. ಬರಿದಾದ ಆ ಜಾಗದಲ್ಲಿ ಭಕ್ತಿ ಬಂದು ಕುಳಿತಿತು: ಯಾರೋ ಒಬ್ಬ ಯೋಧ ಆ ಕಲ್ಲಿನ ಮೇಲೆ ಪ್ರಾಣ ಬಿಟ್ಟಿರಬೇಕು, ಅವನ ನೆನಪಿಗಾಗಿ ಒಲೆಯನ್ನು ತಣ್ಣಗೆ ಇಟ್ಟಿರಬೇಕು ಎಂದು ನಮ್ಮವರೇ ಊಹಿಸಿದರು. ಊಹೆ ಸೊಗಸಾಗಿತ್ತು. ನನ್ನ ದೊಡ್ಡಪ್ಪನ ಕಾಲದಲ್ಲಿ ಹೊಲಮನೆಯೆಲ್ಲ ಉದ್ಯಾನಕ್ಕೆ ಸೇರಿದಾಗ ಊಹೆಯೂ ಅದರ ಜೊತೆಗೆ ಸೇರಿ ತಮ್ಮ ಫಲಕದ ಮೇಲೆ ಕಂಚಿನಲ್ಲಿ ಅಚ್ಚಾಯಿತು. ಮಾನ್ಯರೇ, ನಮ್ಮ ಊಹೆಯನ್ನು ಕಂಚಿನಲ್ಲಿ ಬರೆದುಕೊಂಡಿರಿ. ನಮಗೆ ಗೊತ್ತಿರುವ ಸಂಗತಿಯನ್ನು ಹೇಳಲು ಬಂದರೆ ಐತಿಹ್ಯವೆಂದಿರಿ. ಇದು ಯಾವ ಶಾಸ್ತ್ರದ ಪ್ರಮಾಣ ವಿಚಾರ?

ಸಂಗತಿ ನನಗೆ ತಿಳಿದ ಬಗೆಯನ್ನು ಹೇಳುತ್ತೇನೆ. ಪ್ರೀತಿಭೋಜನಕ್ಕೆ ಮುಂಚೆ ಸಭೆಯ ಇಬ್ಬರು ಮನೆಮನೆಗೆ ಹೋಗಿ ಪ್ರತಿಯೊಬ್ಬರನ್ನೂ ಮೂರು ಮಾತು ಕೇಳುವ ರೂಢಿ ನಮ್ಮಲ್ಲಿದೆ. ಕಳೆದ ವಸಂತದಲ್ಲಿ ನಾನೂ ಸಭಾ ಸೇವಕ ಹಾರ್ಲಿ ವಾಂಪ್ಲರನೂ ನನ್ನ ತಂದೆಯ ತಂಗಿ ಲೇಯಾ ಅತ್ತೆಯಲ್ಲಿಗೆ ಹೋದೆವು. ಆಕೆ ಹುಟ್ಟಿ ಬೆಳೆದದ್ದು ಗಾರ್ಬರ್ ಮನೆಯಲ್ಲಿ. ದೇಹ ಹಣ್ಣಾಗಿತ್ತು, ನಾಲಿಗೆ ಹಣ್ಣಾಗಿರಲಿಲ್ಲ.

“ನಂಬಿಕೆಯಲ್ಲಿ ಇದೀರಾ ಅತ್ತೆ?” ಎಂದೆ.

“ಈ ವಯಸ್ಸಲ್ಲಿ ಇನ್ನೆಲ್ಲಿಗೆ ಹೋಗ್ಲೋ? ಮುಂದಿಂದು ಕೇಳು.”

“ಸಭೆಯವರ ಜೊತೆ ಸಮಾಧಾನವಾಗಿ ಇದೀರಾ?”

“ಹಾರ್ಲಿ ಹಾಡೋದೊಂದು ಬಿಟ್ರೆ ಸಮಾಧಾನವೇ.”

ಹಾರ್ಲಿಗೆ ಕಿವಿ ಮಂದ. ಹೊಗಳಿದರೆಂದು ತಿಳಿದು ತಲೆದೂಗಿದ.

“ಮನಸ್ಸಲ್ಲಿ ಹೇಳದೆ ಉಳಿದಿರೋದು ಏನಾದ್ರೂ ಇದ್ಯಾ?”

“ಆ ಗುಂಡು ಇನ್ನೂ ಅಲ್ಲೇ ಇದ್ಯಾ?” ಎಂದಳು ಅತ್ತೆ.

“ಯಾವ ಗುಂಡು?”

“ಉತ್ತರದ ಕೋಣೆ ಹೊಗೆಗೂಡಲ್ಲಿ ಇರೋದು. ನಿಮ್ಮಪ್ಪ ಹೇಳ್ಲಿಲ್ವಾ ನಿಂಗೆ?”

“ಇಲ್ವಲ್ಲ ಅತ್ತೆ.”

“ಅಯ್ಯೋ ಕರ್ತನೇ!” ಎಂದು ಆಕೆ ಹಾಸಿಗೆಯಲ್ಲಿ ಎದ್ದು ಕೂರಲು ನೋಡಿದಳು. “ಅವ್ನು ಹೇಳಿರ್ತಾನೆ ಅಂತ ನಾನಿದ್ದೆ. ನಾನು ಹೇಳಿರ್ತೀನಿ ಅಂತ ಅವ್ನಿದ್ದ.”

ಆಮೇಲೆ ಹೇಳಿದಳು. ಆಕೆ ಜಡೆ ಹಾಕಿಕೊಳ್ಳುವ ವಯಸ್ಸಿನಲ್ಲಿ ಒಂದು ಮಳೆಗಾಲ ಮಹಡಿಯ ಕೋಣೆಯಲ್ಲಿ ಹೊಗೆಗೂಡಿನ ಮೈಯಿಂದ ಗಾರೆ ಕಳಚಿ ಎರಡು ಇಟ್ಟಿಗೆ ಸಡಿಲವಾದವು. ನನ್ನ ಅಜ್ಜ ಅವನ್ನು ತೆಗೆದು, ಕಂದೀಲು ಹಿಡಿದು, ಮಗಳನ್ನೂ ಮಗನನ್ನೂ ಕರೆದು ತೋರಿಸಿದ. ಒಳಗೆ ರೊಟ್ಟಿಯ ಹಿಟ್ಟಿನ ಉಂಡೆಯಷ್ಟು ದಪ್ಪದ ಕಬ್ಬಿಣದ ಗುಂಡು ಇಟ್ಟಿಗೆಗಳ ನಡುವೆ ಕಚ್ಚಿಕೊಂಡಿತ್ತು. ಕಾಳಗದ ಮರುದಿನ ಸೈಮನ್ ಅಜ್ಜ ಅದನ್ನು ಕಂಡಿದ್ದನಂತೆ. ನೆರೆಯವರು, ಎತ್ತಿಕೊಂಡು ಹೋಗಿ ಹೊಳೆಗೆ ಹಾಕು ಎಂದರಂತೆ. ಅವನು ಒಪ್ಪಲಿಲ್ಲ. ಆಯುಧವನ್ನು ಎತ್ತುವುದಿಲ್ಲವೆಂದು ಸಭೆಯ ಮುಂದೆ ಮಾತು ಕೊಟ್ಟವನು ಅದನ್ನು ಎಸೆಯಲಾದರೂ ಹೇಗೆ ಎತ್ತಿಯಾನು? ಇನ್ನೊಬ್ಬನ ಕೈಯಲ್ಲಿ ಎತ್ತಿಸಿದರೆ ಅವನ ಕೈಯನ್ನು ಮೈಲಿಗೆ ಮಾಡಿದಂತೆ. ಆದ್ದರಿಂದ ಹೊರಗಿನ ತೂತಿಗೆ ಇಟ್ಟಿಗೆ ಕಟ್ಟಿ, ಗಾರೆ ಬಳಿದು, ಮನೆಯವರಿಗೆಲ್ಲ ಒಂದು ಮಾತು ಹೇಳಿದ: ಇಲ್ಲಿ ಬೆಂಕಿ ಬೇಡ. ನನ್ನ ಅಜ್ಜನೂ ಹಾಗೆಯೇ ಗಾರೆ ಬಳಿದು ಮುಚ್ಚಿದ.

ಲೋಕದಲ್ಲಿ ಇನ್ನಾರೂ ಮಾಡಲಾರದ ತಪ್ಪಿದು, ಮಾನ್ಯರೇ. ಸೈನಿಕನಾಗಿದ್ದರೆ ಗುಂಡನ್ನು ಎತ್ತಿ ಎಸೆಯುತ್ತಿದ್ದ, ಕಳ್ಳನಾಗಿದ್ದರೆ ಗುಜರಿಗೆ ಹಾಕುತ್ತಿದ್ದ. ಶುದ್ಧ ಕೈಯವನು ಮಾತ್ರ ಅದನ್ನು ಮೊಮ್ಮಕ್ಕಳ ತಲೆಯ ಮೇಲೆ ಬಿಟ್ಟುಹೋಗಬಲ್ಲ.

“ಗುಂಡು ಹೇಗಿತ್ತು ಅತ್ತೆ? ನುಣ್ಣಗಿತ್ತಾ?” ಎಂದು ಕೇಳಿದೆ.

“ನುಣ್ಣಗೇ. ಆದ್ರೆ ಅದಕ್ಕೊಂದು ಹೊಕ್ಕಳು ಇತ್ತು. ಮರದ ಬಿರಡೆ ಜಡಿದ ಹಾಗೆ. ಬೆರಳಿಡೋಕೆ ಹೋದೆ, ಅಪ್ಪ ಕೈ ಮೇಲೆ ಹೊಡೆದ್ರು. ಅವ್ರು ನಂಗೆ ಹೊಡೆದಿದ್ದು ಅದೊಂದೇ ಸಲ.”

ಈ ಹೊಕ್ಕಳಿನ ಮೇಲೆ ನನ್ನ ಇಡೀ ವಾದ ನಿಂತಿದೆ. ಎರಡು ಬಗೆಯ ಗುಂಡುಗಳಿದ್ದವೆಂದು ತಮ್ಮ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೇ ತೋರಿಸುತ್ತದೆ. ಗಟ್ಟಿಗುಂಡಿಗೆ ಹೊಕ್ಕಳಿಲ್ಲ, ಅದು ಬರಿಯ ಕಬ್ಬಿಣ, ಬಡಿದು ಬಿದ್ದರೆ ಅದರ ಕೆಲಸ ಮುಗಿಯಿತು. ಸಿಡಿಗುಂಡಿನ ಹೊಟ್ಟೆಯೊಳಗೆ ಕರಿಮದ್ದು ತುಂಬಿರುತ್ತದೆ; ಆ ಹೊಟ್ಟೆಗೆ ಬೆಂಕಿ ಮುಟ್ಟಿಸುವ ಬತ್ತಿಯ ದಾರಿಯೇ ಆ ಮರದ ಬಿರಡೆ. ಬತ್ತಿ ನಡುದಾರಿಯಲ್ಲಿ ಆರಿದರೆ ಗುಂಡು ಸಿಡಿಯುವುದಿಲ್ಲ, ಕಾಯುತ್ತದೆ. ಒದ್ದೆಯಾಗದ ಕರಿಮದ್ದಿಗೆ ಮುಪ್ಪಿಲ್ಲವೆಂದು ತಮ್ಮ ಪೆಟ್ಟಿಗೆಯ ಪಕ್ಕದ ಬರಹವೇ ಎಚ್ಚರಿಸುತ್ತದೆ: ‘ಹೊಲದಲ್ಲಿ ಇಂತಹ ವಸ್ತು ಸಿಕ್ಕರೆ ಮುಟ್ಟಬೇಡಿ, ಕೂಡಲೇ ನಮಗೆ ತಿಳಿಸಿ.’ ತಿಳಿಸಿದೆ. ಹೊಲದಲ್ಲಿ ಸಿಕ್ಕಿದ್ದರೆ ಓಡಿ ಬರುತ್ತಿದ್ದಿರೋ ಏನೋ. ಗೋಡೆಯಲ್ಲಿದೆ ಎಂದೆ, ನಕ್ಕಿರಿ. ಯುದ್ಧದ ಪುಸ್ತಕವೊಂದನ್ನೂ ತೆರೆಯದ ಲೇಯಾ ಅತ್ತೆ ಆ ಬಿರಡೆಯನ್ನು ಎಲ್ಲಿಂದ ಕಲ್ಪಿಸಿಕೊಂಡಳು? ಈ ಪ್ರಶ್ನೆಗೆ ಉತ್ತರ ಕೊಡಿ, ನಾನು ಬಾಯಿ ಮುಚ್ಚುತ್ತೇನೆ. ಆಕೆಯನ್ನೇ ಕೇಳೋಣವೆಂದರೆ ಜುಲೈನಲ್ಲಿ ಆಕೆಯನ್ನು ಮಣ್ಣು ಮಾಡಿದೆವು. ನನ್ನ ಜೊತೆಗೆ ಕುಳಿತಿದ್ದ ಏಕೈಕ ಸಾಕ್ಷಿ ಹಾರ್ಲಿ ವಾಂಪ್ಲರನಿಗೆ ಆ ದಿನ ಕೇಳಿಸಿದ್ದು ತನ್ನ ಹಾಡಿನ ಹೊಗಳಿಕೆ ಮಾತ್ರ.

ತಾವು ಪೂರ್ತಿ ಕೈಕಟ್ಟಿ ಕುಳಿತಿರಲಿಲ್ಲ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ನನ್ನ ಎರಡನೆಯ ಮನವಿಯ ಮೇಲೆ ಟೆಸ್ಸಾ ಎಂಬ ಯುವ ಅಧಿಕಾರಿಣಿಯನ್ನು ಲೋಹ ಪತ್ತೆ ಮಾಡುವ ಯಂತ್ರದೊಡನೆ ಕಳಿಸಿದಿರಿ. ಒಳ್ಳೆಯ ಹುಡುಗಿ, ಹೊಸ್ತಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದಳು. ಯಂತ್ರವನ್ನು ಗೋಡೆಗೆ ಹಿಡಿದದ್ದೇ ತಡ, ಅದು ಹಸಿದ ಕೂಸಿನಂತೆ ಕಿರುಚತೊಡಗಿತು.

“ಸರ್, ಇಡೀ ಗೋಡೆ ಕೂಗ್ತಿದೆ,” ಎಂದಳು. “ಒಲೆ ಬಾಯಿಗೆ ಕಬ್ಬಿಣದ ಪಟ್ಟಿ ಇದೆ. ಮೇಲೆ ಗೋಡೆ ಹಿಡಿದಿರೋ ಸಲಾಕೆ ಬೇರೆ. ಇದ್ರಲ್ಲಿ ಯಾವ್ದು ಪಟ್ಟಿ, ಯಾವ್ದು ನಿಮ್ಮ ಗುಂಡು ಅಂತ ನಾನು ಹೇಗೆ ಹೇಳ್ಲಿ?”

“ಒಂದೆರಡು ಇಟ್ಟಿಗೆ ತೆಗೆದು ನೋಡ್ಬಹುದಲ್ಲ ತಾಯಿ?”

“ಇಟ್ಟಿಗೆನಾ?” ಎಂದು ಹುಡುಗಿ ಸುತ್ತ ನೋಡಿದಳು, ಗೋಡೆಗೆ ಕೇಳಿಸೀತು ಎಂಬಂತೆ. “ಅದು ಚಾರಿತ್ರಿಕ ಇಟ್ಟಿಗೆ ಸರ್. ಒಂದು ಅಲುಗಾಡಿಸ್ಬೇಕಾದ್ರೂ ರಾಜಧಾನಿಯಿಂದ ಅಪ್ಪಣೆ ಬರ್ಬೇಕು. ವರ್ಷ ಹಿಡಿಯತ್ತೆ.”

“ಬೆಂಕಿ ಹಚ್ಚೋಕೆ?”

“ಅದಕ್ಕೆ ನಮ್ಮ ಸಾಹೇಬ್ರ ಸಹಿ ಸಾಕು,” ಎಂದವಳು, ಹೇಳಿದ ಮೇಲೆ ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ತುಟಿ ಕಚ್ಚಿದಳು.

ತಮ್ಮ ಇಲಾಖೆಯ ನೀತಿಶಾಸ್ತ್ರ ನನ್ನ ತಲೆಗೆ ಇಳಿಯಲು ಸಮಯ ಬೇಕಾಯಿತು. ಇಟ್ಟಿಗೆಯನ್ನು ಮುಟ್ಟಿದರೆ ಚರಿತ್ರೆಗೆ ಹಾನಿ. ಮನೆಯೇ ಹಾರಿಹೋದರೆ ಅದು ಚರಿತ್ರೆಗೆ ಸೇರ್ಪಡೆ. ಒಂದು ಇಟ್ಟಿಗೆಯ ಮಾನ ಕಾಯಲು ಒಂದು ವರ್ಷ ಯೋಚಿಸುವವರು, ಒಂದು ತರಗತಿಯ ಮಕ್ಕಳನ್ನು ಅದರ ಕೆಳಗೆ ಕೂರಿಸಲು ಒಂದು ಸಹಿಯಷ್ಟು ಹೊತ್ತೂ ಯೋಚಿಸಬೇಕಾಗಿಲ್ಲವೇ? ‘ಪರಿಶೀಲನೆಯಲ್ಲಿ ಅಸಹಜವಾದದ್ದೇನೂ ಖಚಿತವಾಗಲಿಲ್ಲ’ ಎಂದು ವರದಿಯಾಯಿತು. ಖಚಿತವಾಗಲಿಲ್ಲ ಎಂಬುದು ಇಲ್ಲ ಎಂಬುದಕ್ಕೆ ಸಮವೆಂದು ಯಾವ ತರ್ಕದಲ್ಲಿ ಹೇಳಿದೆ?

ಸೆಪ್ಟೆಂಬರಿನಲ್ಲಿ ತಾವು ಬೆಂಕಿಯ ತಾಲೀಮು ನಡೆಸಿದಿರಿ. ಅಡುಗೆಯ ಪ್ರದರ್ಶನಕ್ಕೆ ನಮ್ಮ ಸಭೆಯ ವರ್ನಾಳನ್ನೇ ಗೊತ್ತುಮಾಡಿದ್ದಿರಿ. ಪ್ರೀತಿಭೋಜನದ ಸಾರು ಕುದಿಸುವುದರಲ್ಲಿ ಕಣಿವೆಯಲ್ಲೇ ಆಕೆಯ ಸರಿಸಮ ಇಲ್ಲ, ಮಾತಿಗೆ ಮಾತು ಕೊಡುವುದರಲ್ಲೂ ಇಲ್ಲ. ಸುದ್ದಿ ತಿಳಿದು ನಾನು ಓಡಿದೆ; ನನ್ನ ಮಂಡಿಗಳನ್ನು ಬಲ್ಲವರಿಗೆ ಆ ಕ್ರಿಯಾಪದದ ಅತಿಶಯೋಕ್ತಿ ತಿಳಿದೀತು. ಒಳಗೆ ಕಾಲಿಟ್ಟಾಗ ಉತ್ತರದ ಕೋಣೆಯ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಉರಿಯುತ್ತಿತ್ತು. ಹುಟ್ಟಿದಾಗಿನಿಂದ ಕಪ್ಪಾಗಿ ತಣ್ಣಗೆ ಕಂಡಿದ್ದ ಬಾಯಿ ಕೆಂಪಾಗಿ ತೆರೆದಿತ್ತು.

“ಬನ್ನಿ ಎನಾಸಣ್ಣ, ಬೆಚ್ಚಗೆ ಕೂತ್ಕೊಳ್ಳಿ,” ಎಂದಳು ವರ್ನಾ, ಸೌದೆ ನೂಕುತ್ತ. “ನಿಮ್ಮ ಮನೆಯವರು ಎಷ್ಟು ಚಳಿ ತಿಂದ್ರೋ ಪಾಪ. ಇಷ್ಟು ಚೆನ್ನಾಗಿ ಹೊಗೆ ಎಳೆಯೋ ಒಲೇನ ಸುಮ್ನೆ ಬಿಟ್ಟಿದ್ರಲ್ಲ!”

“ವರ್ನಾ, ಆರಿಸು.”

“ಸಾಹೇಬ್ರು ಉರಿಸು ಅಂತಾರೆ, ನೀವು ಆರಿಸು ಅಂತೀರ. ಸೇಬಿನ ಪಾಕ ಅಂಗಳದಲ್ಲಿ ಕುದಿಸೋದು ಅಂತ ನಾನೂ ಹೇಳ್ದೆ, ಯಾರು ಕೇಳ್ತಾರೆ? ಒಳಗೆ ಕುದಿಸಿದ್ರೇ ಹಳೇ ಕಾಲದ ಹಾಗೆ ಕಾಣತ್ತಂತೆ. ಹಳೇ ಕಾಲದವ್ರಿಗೆ ಬುದ್ಧಿ ಇತ್ತು ಅಂತ ಇವ್ರಿಗೆ ಯಾರು ಹೇಳ್ಬೇಕು?”

ನಾನು ಮಹಡಿಗೆ ಹತ್ತಿದೆ. ಹೊಗೆಗೂಡು ಹಾದುಹೋಗುವ ಗೋಡೆಯ ಮೇಲೆ ಅಂಗೈ ಇಟ್ಟೆ. ಜ್ವರ ಬಂದ ಕೂಸಿನ ಹಣೆಯಂತೆ ಬಿಸಿಯಾಗುತ್ತಿತ್ತು. ಗಾರೆಯ ಒಳಗೆಲ್ಲೋ ಏನೋ ಸಣ್ಣಗೆ ಸರಿದು ಉದುರಿದ ಸದ್ದು. ಅದು ಮಸಿಯಿರಬಹುದು, ಹಕ್ಕಿಯ ಹಳೆಯ ಗೂಡಿರಬಹುದು. ನಾನು ಮೆಟ್ಟಿಲಿಳಿದದ್ದು ನನಗೆ ನೆನಪಿಲ್ಲ. ವರ್ನಾಳ ಪಕ್ಕದಲ್ಲಿ ಸೇಬಿನ ರಸದ ಬಕೀಟು ಇತ್ತೆಂಬುದು ನೆನಪಿದೆ. ಅದನ್ನು ನಾನು ಬೆಂಕಿಯ ಮೇಲೆ ಸುರಿದೆನೆಂದು ಎಲ್ಲರೂ ಹೇಳುತ್ತಾರೆ.

“ಎನಾಸಣ್ಣ! ತಲೆ ಕೆಟ್ಟಿದ್ಯಾ ನಿಮ್ಗೆ?” ಹಬೆಯ ನಡುವಿನಿಂದ ವರ್ನಾ ಕೂಗಿದಳು. “ಒಂದು ಮರದ ಸೇಬು ಪೂರ್ತಿ ಹಿಂಡಿದ್ದೆನಲ್ರೀ! ನೀರಿನ ಬಕೀಟು ಈ ಕಡೆ ಇತ್ತು!”

ತಮ್ಮ ಕಚೇರಿ ಅಪೂರ್ವ ವೇಗದಿಂದ ಕಾರ್ಯಪ್ರವೃತ್ತವಾಯಿತು. ಚಾರಿತ್ರಿಕ ಅಗ್ಗಿಷ್ಟಿಕೆಗೆ ಸಕ್ಕರೆಯ ಅಂಶವುಳ್ಳ ದ್ರವದಿಂದ ಹಾನಿ ಮಾಡಿದ್ದಕ್ಕಾಗಿ ನನಗೆ ಉದ್ಯಾನದೊಳಗೆ ಪ್ರವೇಶ ನಿಷೇಧ. ನನ್ನ ಮನವಿಗಳಿಗೆ ಋತುಗಳನ್ನು ತೆಗೆದುಕೊಂಡವರು ನನ್ನ ಸೇಬಿನ ರಸಕ್ಕೆ ಒಂದು ಮಧ್ಯಾಹ್ನವನ್ನೂ ತೆಗೆದುಕೊಳ್ಳಲಿಲ್ಲ.

ಆದರೆ ಅಂಟಾದ ಬೂದಿಯನ್ನು ಬಳಿಯುವ ಕೆಲಸ ವರ್ನಾಳ ಪಾಲಿಗೆ ಬಂತು. ಆಕೆ ಬೈಯುತ್ತ ಬೈಯುತ್ತ ಒಲೆಯೊಳಗೆ ತಲೆ ಹಾಕಿ, ದೀಪ ಹಿಡಿದು, ಮೇಲಕ್ಕೂ ಒರೆಸೋಣವೆಂದು ನೋಡಿದಳು. ಮರುದಿನ ನನ್ನ ಬಾಗಿಲಿಗೆ ಬಂದಾಗ ಆಕೆಯ ಮುಖದಲ್ಲಿ ಮಾತಿನ ಮಲ್ಲಿಯ ಕಳೆ ಇರಲಿಲ್ಲ.

“ಎನಾಸಣ್ಣ, ಹೊಗೆಗೂಡಿನ ಒಳಗೋಡೆ ಎಲ್ಲಾ ಕಡೆ ನೆಟ್ಟಗಿದೆ. ಪಡುವಣ ಕಡೆ ಒಂದು ಜಾಗದಲ್ಲಿ ಮಾತ್ರ ತುಂಬು ಬಸುರಿ ಹೊಟ್ಟೆ ಹಾಗೆ ಒಳಕ್ಕೆ ಉಬ್ಕೊಂಡಿದೆ. ಆ ಹೊಟ್ಟೆಯಲ್ಲಿ ಒಂದು ಬಿರುಕು. ಇದು ಹಳೇ ಬಿರುಕಲ್ಲ, ಒಳಗೆ ಮಸಿಯಿಲ್ಲ, ಕೆಂಪಗೆ ಕಾಣ್ತಿದೆ.”

“ಸಾಹೇಬರಿಗೆ ಹೇಳಿದ್ಯಾ?”

“ಹೇಳ್ದೆ. ಹಳೇ ಮನೆಗಳಲ್ಲಿ ಉಬ್ಬು ತಗ್ಗು ಸಹಜ ಅಂದ್ರು. ನಾನು ಇನ್ಮೇಲೆ ಬರೋದಿಲ್ಲ ಅಂತ ಹೇಳಿ ಏಪ್ರನ್ ಬಿಚ್ಚಿಟ್ಟು ಬಂದೆ.” ಹೊರಡುವಾಗ ತಿರುಗಿ ಆಕೆ ಹೇಳಿದಳು: “ನನ್ನ ಬೆನ್ನು ಅದರ ಕೆಳಗೇ ಇತ್ತಲ್ಲ, ಎನಾಸಣ್ಣ.”

ಈಗ ತಾವು ಪಕ್ಕದ ರಾಜ್ಯದಿಂದ ಬೇರೊಬ್ಬ ಅಡುಗೆಯವಳನ್ನು ಕರೆಸುತ್ತಿದ್ದೀರಿ. ಆಕೆಯ ಹೆಸರು ನನಗೆ ಗೊತ್ತಿಲ್ಲ. ಆಕೆಗೆ ಈ ಬಿರುಕು ಗೊತ್ತಿಲ್ಲ. ಮಕ್ಕಳೆಲ್ಲರಿಗೂ ಚೆನ್ನಾಗಿ ಕಾಣಲೆಂದು ನಮ್ಮ ಹಲಗೆಯ ಗೋಡೆಗಳನ್ನು ಮೇಲೆತ್ತಿ ಸಿಕ್ಕಿಸಲಾಗುವುದೆಂದು ಭಿತ್ತಿಪತ್ರ ಹೇಳುತ್ತದೆ. ಆ ಸಾಲನ್ನು ನಾನು ಎರಡು ಸಲ ಓದಿದೆ. ಒಮ್ಮೆ ಆ ಗೋಡೆಗಳನ್ನು ಎತ್ತಿ ಅಲ್ಲಿ ಯಾರನ್ನು ಮಲಗಿಸಿದ್ದರೆಂಬುದು ತಮ್ಮದೇ ಫಲಕದ ಮೇಲಿದೆ. ಸಾಲದೆಂಬಂತೆ ಅಂಗಳದಲ್ಲಿ ಫಿರಂಗಿಯ ಬರಿಮದ್ದು ಹಾರಿಸಿ ಕಿಟಕಿಗಳನ್ನು ನಡುಗಿಸುವ ಏರ್ಪಾಡೂ ಇದೆ. ಬೂದಿ ಮುಚ್ಚಿದ ಕೆಂಡವನ್ನು ಊದಿ ನೋಡುವ ಕುತೂಹಲ ಒಂದು ಕಚೇರಿಗೆ ಇಷ್ಟೊಂದು ಇರಬಹುದೇ?

ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಮುಂದೆ ಒಂದು ಮಾತು ಇಟ್ಟೆ. ತಮ್ಮ ಇಲಾಖೆ ಆ ಗುಂಡನ್ನು ತೆಗೆಯದಿದ್ದರೆ, ತೆಗೆಯುವುದನ್ನು ಬಲ್ಲವರ ಪಕ್ಕದಲ್ಲಿ ನಿಂತು ಅವರು ಹೇಳಿದಂತೆ ನನ್ನ ಕೈಯಿಂದಲೇ ಎತ್ತಲು ಸಿದ್ಧನಿದ್ದೇನೆ, ಸಭೆ ಅನುಮತಿಸಬೇಕು ಎಂದೆ. ಗಟ್ಟಿಯಾಗಿ ಹೇಳಿದ್ದರಿಂದ ಹಾರ್ಲಿಗೂ ಕೇಳಿಸಿತು.

“ಎನಾಸಣ್ಣ, ಇಷ್ಟು ತಲೆಮಾರು ನಾವು ಅದನ್ನ ಎತ್ಲಿಲ್ಲ,” ಎಂದ ಹಾರ್ಲಿ, ನೋವಿನಿಂದಲೇ. “ಗುಂಡು ಆಯುಧ. ಎತ್ತಿದ್ರೆ ಮಾತು ಮುರಿದ ಹಾಗೆ. ಹಿರಿಯರಿಗೆ ಏನು ಉತ್ತರ ಹೇಳ್ತೀರಿ?”

ಹೆಂಗಸರ ಬೆಂಚಿನಿಂದ ವರ್ನಾ ಎದ್ದಳು. “ಹಾರ್ಲಿ, ಹೋದ ವರ್ಷ ನಿನ್ನ ಹಸು ನನ್ನ ಕೋಸಿನ ಪಾತಿಗೆ ನುಗ್ಗಿದಾಗ ನೀನು ಬೇಲಿ ಮೇಲೆ ಕೂತು ಏನಂದೆ? ‘ನಾನು ಕೋಲು ಎತ್ತೋನಲ್ಲ ವರ್ನಕ್ಕ, ಶಾಂತಿಪ್ರಿಯ.’ ಶಾಂತಿ ನಿಂದು, ಕೋಸು ನಂದು!”

ಆರಾಧನಾ ಮಂದಿರದಲ್ಲಿ ಅಷ್ಟು ನಗು ಎದ್ದದ್ದನ್ನು ನಾನು ಕಂಡಿರಲಿಲ್ಲ. ಹಾರ್ಲಿಯೂ ನಕ್ಕ, ಆಮೇಲೆ ಕಣ್ಣೊರೆಸಿಕೊಂಡ. ಸಭೆ ಅನುಮತಿಸಿತು.

ಆ ನಗುವಿನ ಕೆಳಗಿದ್ದ ಮಾತು ನನ್ನನ್ನು ಬಿಟ್ಟಿಲ್ಲ. ಸೈಮನ್ ಅಜ್ಜನನ್ನು ನಾನು ಪ್ರೀತಿಸುತ್ತೇನೆ. ಎರಡು ಪಡೆಗಳ ನಡುವೆ ಬರಿಗೈಯಲ್ಲಿ ನಿಲ್ಲಲು ಬೇಕಾದ ಧೈರ್ಯ ನನ್ನಲ್ಲಿಲ್ಲ. ಆದರೂ, ಆಯುಧವನ್ನು ಎತ್ತದಿರುವುದು ಬೇರೆ, ಅದನ್ನು ಮುಂದಿನವರ ಮಕ್ಕಳಿಗೆ ಉಳಿಸಿಹೋಗುವುದು ಬೇರೆ ಎಂಬುದನ್ನು ಅವನು ಕಾಣಲಿಲ್ಲ. ತನ್ನ ಕೈಯನ್ನು ಶುದ್ಧವಾಗಿಟ್ಟುಕೊಂಡ, ಗೋಡೆಯನ್ನು ಮರೆತ. ತಾವೂ ಈಗ ಅದನ್ನೇ ಮಾಡುತ್ತಿದ್ದೀರಿ, ಮಾನ್ಯರೇ. ಅವನು ಮುಟ್ಟದಿದ್ದುದು ದೇವರ ಭಯದಿಂದ; ತಾವು ಮುಟ್ಟದಿರುವುದು ಮೇಲಧಿಕಾರಿಯ ಭಯದಿಂದ. ಅವನು ಕನಿಷ್ಠ ಬೆಂಕಿ ಹಾಕಲಿಲ್ಲ.

ನಾನು ತಪ್ಪಿರಬಹುದು. ಆ ಉಬ್ಬು ಬರಿಯ ಉಬ್ಬಾಗಿರಬಹುದು. ಆಗ ಕಿತ್ತ ಇಟ್ಟಿಗೆಗಳನ್ನು ನಾನೇ ಗಾರೆ ಕಲಸಿ ಕೂರಿಸಿಕೊಡುತ್ತೇನೆ, ಊರೆಲ್ಲ ಬಂದು ನಗಲಿ, ವರ್ನಾ ಎಲ್ಲರಿಗಿಂತ ಜೋರಾಗಿ ನಗಲಿ. ತಾವು ತಪ್ಪಿದರೆ ನಗಲು ಆ ಕೋಣೆಯಲ್ಲಿ ಯಾರು ಉಳಿದಿರುತ್ತಾರೆ?

ಆದ್ದರಿಂದ ಕೇಳುತ್ತಿದ್ದೇನೆ. ಆ ಶನಿವಾರ ಒಲೆಯೂ ಬೇಡ, ಅಂಗಳದಲ್ಲಿ ಫಿರಂಗಿಯೂ ಬೇಡ. ಮಕ್ಕಳನ್ನು ಹೊಲದಂಚಿನ ಓಕ್ ಮರದ ಕೆಳಗೆ ಕೂರಿಸಿ ಕತೆ ಹೇಳಿ, ಪಾಕವನ್ನು ಅಂಗಳದಲ್ಲಿ ಕುದಿಸಿ, ಅದೇ ಹಳೆಯ ಕಾಲದ ಪದ್ಧತಿ. ಮದ್ದು ಬಲ್ಲ ಸೇನೆಯ ತಂಡವನ್ನು ಕರೆಸಿ ಹೊಗೆಗೂಡನ್ನು ಬಿಚ್ಚಿಸಿ. ಬರಲಿರುವ ಆ ಅಡುಗೆಯ ತಾಯಿಗೂ ಮಕ್ಕಳ ಹೆತ್ತವರಿಗೂ ಈ ಪತ್ರವನ್ನು ತೋರಿಸಿ.

ಇಷ್ಟನ್ನೂ ತಾವು ಮಾಡದಿದ್ದರೆ, ಆ ಬೆಳಿಗ್ಗೆ ತಮ್ಮ ನಿಷೇಧವನ್ನು ಮೀರಿ ನಾನು ಉತ್ತರದ ಕೋಣೆಗೆ ಬಂದು ಅಗ್ಗಿಷ್ಟಿಕೆಯ ಒಳಗೆ ಕುಳಿತಿರುತ್ತೇನೆ. ನನ್ನ ಬೆನ್ನು ಆ ಉಬ್ಬಿನ ಕೆಳಗೆ ಇರುತ್ತದೆ. ಧೈರ್ಯದಿಂದ ಕೂತಿದ್ದಾನೆಂದು ಯಾರೂ ತಿಳಿಯದಿರಲಿ. ಹಲ್ಲು ಕಟಕಟಿಸುವುದು ಹೊಸ್ತಿಲವರೆಗೆ ಕೇಳಿಸೀತು. ಈ ವಿಷಯ ವರ್ನಾಳಿಗೆ ಹೇಳಿದಾಗ, “ನೀವು ಒಣಕಲು, ಒಬ್ರೇ ಕೂತ್ರೆ ಒಲೆ ತುಂಬೋದಿಲ್ಲ, ಪಕ್ಕದಲ್ಲಿ ಸೌದೆ ಇಟ್ಟುಬಿಟ್ಟಾರು. ನಾನೂ ಬರ್ತೀನಿ ತಗೊಳ್ಳಿ” ಎಂದಳು. ನಮ್ಮನ್ನು ಎಬ್ಬಿಸಲು ತಮ್ಮ ಕಾವಲುಗಾರರು ಬಂದರೆ ನಾವು ಎದುರಿಸುವುದಿಲ್ಲ, ಬೈಯುವುದಿಲ್ಲ (ವರ್ನಾಳ ಪರವಾಗಿ ಈ ಭರವಸೆ ಕೊಡಲಾರೆ). ಆದರೆ ಏಳುವುದೂ ಇಲ್ಲ. ನಮ್ಮನ್ನು ಎತ್ತಬೇಕಾದೀತು. ಎತ್ತಲು ಹೇಗೂ ಜನರನ್ನು ಕರೆಸುವವರಿದ್ದರೆ, ದಯಮಾಡಿ, ಸೈಮನ್ ಅಜ್ಜ ಎತ್ತದೆ ಬಿಟ್ಟದ್ದನ್ನು ಎತ್ತಬಲ್ಲವರನ್ನೇ ಕರೆಸಿ. ಅವರ ಕಾಲ ಸಪ್ಪಳ ಕೇಳಿದೊಡನೆ ನಾನಾಗಿಯೇ ಎದ್ದು ಜಾಗ ಬಿಡುತ್ತೇನೆ.

ಇಂತಿ,
ಬೆಚ್ಚಗಿನ ಮಾತುಗಳಿಗಾಗಿ ಅಲ್ಲ, ಒಂದು ತಣ್ಣನೆಯ ಒಲೆಗಾಗಿ ಕಾದಿರುವ,
ಎನಾಸ್ ಗಾರ್ಬರ್
ಸಹೋದರ ಸಭೆಯ ನಿವೃತ್ತ ಹಿರಿಯ. ಸೇಬಿನ ರಸದ ಆರೋಪಿ